ಎಫ್ 12 ಒತ್ತಿದ ಮೇಲೆ: ಲಗ್ನಪತ್ರಿಕೆ ಅಂಗಡಿಯವಳ ರಿವ್ಯೂ

ಶಿರಾ ಕಡೆಯ ಗಿರಾಕಿಯೊಬ್ಬರು ಫೋನ್ ಮಾಡಿದ್ದರು. "ಅಕ್ಕಾ, ನಿಮ್ಮ ವೆಬ್‌ಸೈಟ್ ನೋಡ್ದೆ. ಲಗ್ನಪತ್ರಿಕೆ ರೇಟನ್ನ ಪೌಂಡಲ್ಲಿ ಹಾಕಿದೀರಲ್ಲ, ಲಂಡನ್ನಿನವರಿಗೂ ಮಾಡಿಕೊಡ್ತೀರಾ?" ನಾನು ನಕ್ಕೆ. ತಮಾಷೆ ಮಾಡ್ತಿದ್ದಾರೆ ಅಂದುಕೊಂಡೆ. ಆಮೇಲೆ ಅವರು ತಮ್ಮ ಫೋನಿನ ಸ್ಕ್ರೀನ್‌ಶಾಟ್ ಕಳಿಸಿದರು. ನೋಡಿ ನಗು ನಿಂತಿತು. ಕನ್ನಡದ ಒಂದಕ್ಷರವೂ ಅಲ್ಲಿರಲಿಲ್ಲ. ಇಂಗ್ಲಿಷಿನ ಪಿ, ಕ್ಯೂ, ತಲೆ ಮೇಲೆ ಗೀರು ಎಳೆದ ಎ, ನಡುನಡುವೆ ಪೌಂಡಿನ ಗುರುತು. ಸಾಲು ಸಾಲಾಗಿ ಅದೇ.

ಅಂಗಡಿಯ ಕಂಪ್ಯೂಟರಿನಲ್ಲಿ ಅದೇ ಪುಟ ತೆರೆದೆ. ಮುದ್ದಾದ ಕನ್ನಡ. ಒಂದು ಒತ್ತೂ ಆಚೀಚೆ ಇಲ್ಲ.

ಈ ರಿವ್ಯೂ ಆ ವೆಬ್‌ಸೈಟಿನದಲ್ಲ. ಅದನ್ನು ಮಾಡಿಕೊಟ್ಟವರದೂ ಅಲ್ಲ. ಹದಿನೆಂಟು ಸಾವಿರ ತೆಗೆದುಕೊಂಡು, ಮೂರನೇ ಕರೆಯ ನಂತರ ಫೋನ್ ಎತ್ತುವುದನ್ನೇ ಬಿಟ್ಟ ಅವರ ಹೆಸರು ಇಲ್ಲಿ ಬರೆಯಲ್ಲ. ಪಾಸ್‌ವರ್ಡ್ ಆದರೂ ಕೊಟ್ಟು ಹೋದರಲ್ಲ, ಅಷ್ಟು ಪುಣ್ಯ. ಈ ರಿವ್ಯೂ ಎಲ್ಲಿ ಏನು ಕೆಟ್ಟಿದೆ ಅಂತ ನನಗೆ ತೋರಿಸಿಕೊಟ್ಟ ಒಂದು ಉಪಕರಣದ್ದು. ಅದು ನಿಮ್ಮ ಕಂಪ್ಯೂಟರಿನಲ್ಲೂ ಈಗಲೇ ಇದೆ. ಒಂದು ಪೈಸೆ ಕೊಡಬೇಕಾಗಿಲ್ಲ. ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಬಲಗಡೆ ಎಫ್ 12 ಅಂತ ಒಂದು ಗುಂಡಿ ಇದೆಯಲ್ಲ, ಬ್ರೌಸರ್ (ಕ್ರೋಮ್, ಫೈರ್‌ಫಾಕ್ಸ್ ಥರದ್ದು) ತೆರೆದಿಟ್ಟು ಅದನ್ನು ಒತ್ತಿದರೆ ಸಾಕು. ಪುಟದ ಪಕ್ಕದಲ್ಲೋ ಕೆಳಗೋ ಒಂದು ಕಿಟಕಿ ತೆರೆಯುತ್ತದೆ. ಡೆವಲಪರ್ ಟೂಲ್ಸ್ ಅಂತ ಅದರ ಹೆಸರು. ನಾನು ಎಫ್ 12 ಅಂತಲೇ ಕರೆಯುತ್ತೇನೆ.

ಇಷ್ಟು ವರ್ಷ ಆ ಗುಂಡಿಯನ್ನು ಒರೆಸಿದ್ದೆನೇ ಹೊರತು ಒತ್ತಿರಲಿಲ್ಲ.

ನನ್ನ ಬಗ್ಗೆ ಎರಡು ಮಾತು. ತುಮಕೂರಿನ ಚಿಕ್ಕಪೇಟೆ ಕಡೆ ನಮ್ಮದೊಂದು ಪುಟ್ಟ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್‌ಬುಕ್ಕು, ಕೈಲಾಸ ಸಮಾರಾಧನೆಯ ಪತ್ರ. ಅಪ್ಪನ ಕಾಲದಲ್ಲಿ ಅಚ್ಚು ಹಾಕುವ ಟ್ರೆಡಲ್ ಮಿಷನ್ ಇತ್ತು. ಶಾಲೆಯಿಂದ ಬಂದು ಸಂಜೆ ಹೊತ್ತು ನಾನೂ ಅಕ್ಷರದ ಸೀಸದ ಮೊಳೆ ಜೋಡಿಸುತ್ತಿದ್ದೆ. ಕೈಯೆಲ್ಲ ಮಸಿ. ಆಮೇಲೆ ಪೇಜ್‌ಮೇಕರ್ ಬಂತು, ಕನ್ನಡ ಬರೆಯುವ ನುಡಿ ತಂತ್ರಾಂಶ ಬಂತು, ಕೋರೆಲ್‌ಡ್ರಾ ಬಂತು. ಕಂಪ್ಯೂಟರ್ ನನಗೆ ಹೊಸದಲ್ಲ. ಆದರೆ ಕೋಡ್ ಅಂದರೆ ನಮ್ಮಂಥವರಿಗಲ್ಲ ಅಂತ ದೂರ ಇದ್ದೆ.

ಗುಂಡಿ ತೋರಿಸಿದ್ದು ಒಬ್ಬ ಎಂಜಿನಿಯರಿಂಗ್ ಹುಡುಗಿ. ಪ್ರಾಜೆಕ್ಟ್ ರಿಪೋರ್ಟ್ ಬೈಂಡಿಂಗಿಗೆ ಅಂತ ಬಂದವಳು. ಗೋಂದು ಒಣಗುವ ತನಕ ಸುಮ್ನೆ ಕೂತಿದ್ದಳು. ನನ್ನ ಗೋಳು ಕೇಳಿಸಿಕೊಂಡು, "ಆಂಟಿ, ಒಂದ್ನಿಮಿಷ" ಅಂತ ಎದ್ದು ಬಂದು ಎಫ್ 12 ಒತ್ತಿದಳು. ಕೆಟ್ಟ ಸಾಲಿನ ಮೇಲೆ ಬಾಣ ಇಟ್ಟಳು. "ನೋಡಿ, ನಿಜವಾಗಿ ಇಲ್ಲಿರೋದು ಇದು" ಅಂದಳು. ನನ್ನ ಪರದೆಯಲ್ಲಿ ಮೇಲೆ ಕನ್ನಡ ಕಾಣುತ್ತಿತ್ತು. ಪಕ್ಕದ ಕಿಟಕಿಯಲ್ಲಿ ಅದೇ ಸಾಲು ಪಿ, ಕ್ಯೂ, ಪೌಂಡು.

ಅದನ್ನು ನೋಡಿದ ಕೂಡಲೇ ನನಗೆ ಕಾರಣ ಹೊಳೆಯಿತು. ಅವಳಿಗೆ ಹೊಳೆಯಲಿಲ್ಲ. ಯಾಕೆಂದರೆ ಅದು ಹಳೆಯ ನುಡಿ ಫಾಂಟಿನ ಕಥೆ, ಡಿಟಿಪಿಯವರಿಗೆ, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿನ ಪುಟ ಕಟ್ಟುವವರಿಗೆ, ಮಾತ್ರ ಗೊತ್ತಿರುವಂಥದ್ದು. ಆ ಫಾಂಟಿನಲ್ಲಿ ಕನ್ನಡಕ್ಕೆ ಅಂತ ಬೇರೆ ಜಾಗ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ಚೂರುಗಳನ್ನು ಕೂರಿಸಿದ್ದರು. ದೊಡ್ಡ ಪಿ ಇರುವ ಕಡೆ ಕ ಅಕ್ಷರದ ಮೈ. ಗೀರಿನ ಎ ಇರುವ ಕಡೆ ತಲೆಕಟ್ಟು. ಪೌಂಡ್ ಗುರುತಿನ ಕಡೆ ನ ಅಕ್ಷರದ ಮೈ. ಸಣ್ಣ ಕ್ಯೂ ಅಂದರೆ ಡ. ಹಾಗಾಗಿ "ಕನ್ನಡ" ಅಂತ ಬರೆದರೆ ಕಂಪ್ಯೂಟರಿನ ಹೊಟ್ಟೆಯಲ್ಲಿ ಇರುವುದು ಪಿ, ಎ, ಪೌಂಡು, ಎ, ನ ಒತ್ತಿಗೆ ಜರ್ಮನ್ನರ ಒಂದು ಅಕ್ಷರ, ಕ್ಯೂ, ಎ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅದು ಕನ್ನಡ. ಇಲ್ಲದ ಕಡೆ ಲಂಡನ್. ನಮ್ಮ ಅಂಗಡಿಯಲ್ಲಿ ಆ ಫಾಂಟ್ ಇದೆ. ಮಾಡಿಕೊಟ್ಟವರ ಲ್ಯಾಪ್‌ಟಾಪಿನಲ್ಲೂ ಇತ್ತು. ಶಿರಾದವರ ಫೋನಿನಲ್ಲಿ ಯಾಕಿರುತ್ತದೆ?

ನುಡಿಯನ್ನು ಬಯ್ಯುತ್ತಿಲ್ಲ. ಎರಡು ದಶಕ ಅದರ ಅನ್ನ ತಿಂದವಳು ನಾನು. ಕಾಗದಕ್ಕೆ ಅದು ಚೆನ್ನಾಗಿಯೇ ಇತ್ತು. ಕಾಗದದ ಮೇಲೆ ಒಮ್ಮೆ ಅಚ್ಚಾದರೆ ಮುಗಿಯಿತು, ಓದುವವರ ಮನೆಯಲ್ಲಿ ಯಾವ ಫಾಂಟ್ ಇದೆ ಅಂತ ಯಾರೂ ಕೇಳಲ್ಲ ಅಲ್ವಾ?

ವೆಬ್ ಹಾಗಲ್ಲ. ನನಗೆ ಅರ್ಥವಾಗಲು ಒಂದು ತಿಂಗಳು ಹಿಡಿದ ವಿಷಯ ಇದು. ವೆಬ್‌ಸೈಟ್ ಅಂದರೆ ಎಲ್ಲೋ ಅಚ್ಚು ಹಾಕಿ ಇಟ್ಟಿರುತ್ತಾರೆ, ನಾವು ಹೋಗಿ ನೋಡಿ ಬರುತ್ತೇವೆ ಅಂದುಕೊಂಡಿದ್ದೆ. ತಪ್ಪು. ಸರ್ವರಿನಿಂದ, ಅಂದರೆ ಪುಟ ಇಟ್ಟಿರುವ ದೂರದ ಕಂಪ್ಯೂಟರಿನಿಂದ, ಬರುವುದು ಬರೀ ಹಸ್ತಪ್ರತಿ. ಜೊತೆಗೆ ಹೇಗೆ ಅಚ್ಚು ಹಾಕಬೇಕು ಅನ್ನುವ ಚೀಟಿ. ಪ್ರೆಸ್ ಇರುವುದು ಓದುವವರ ಕೈಯಲ್ಲಿ. ಅವರ ಫೋನಿನ ಬ್ರೌಸರೇ ಪ್ರೆಸ್. ಪುಟ ತೆರೆದ ಪ್ರತಿ ಸಲವೂ ಅಲ್ಲೇ ಹೊಸದಾಗಿ ಮೊಳೆ ಜೋಡಿಸಿ ಅಚ್ಚು ಹಾಕುತ್ತದೆ. ನೂರು ಜನ ನೋಡಿದರೆ ನೂರು ಪ್ರೆಸ್ಸಿನಲ್ಲಿ ಅಚ್ಚಾಯಿತು ಅಂತ ಲೆಕ್ಕ. ಒಂದರ ಮಸಿ ಇನ್ನೊಂದರ ಹಾಗಿರಲ್ಲ. ಆ ಪ್ರೆಸ್ಸಿನ ಬಾಗಿಲು ತೆಗೆದು ಒಳಗೆ ಇಣುಕುವ ಕಿಂಡಿಯೇ ಎಫ್ 12.

ಒಳಗೆ ಮೂರು ಭಾಷೆ ಸಿಗುತ್ತದೆ. ಎಚ್‌ಟಿಎಂಎಲ್ ಅನ್ನುವುದು ಹಸ್ತಪ್ರತಿ. ಇದು ತಲೆಬರಹ, ಇದು ಪ್ಯಾರಾ, ಇಲ್ಲೊಂದು ಚಿತ್ರ ಅಂತ ಗುರುತು ಹಾಕಿದ ಬರಹ. ಟಿಮ್ ಬರ್ನರ್ಸ್-ಲೀ ಅನ್ನುವವರು ಸ್ವಿಟ್ಜರ್‌ಲೆಂಡಿನ ಸರ್ನ್ ಸಂಸ್ಥೆಯಲ್ಲಿ ಕೂತು 1990ರಲ್ಲಿ ಮೊದಲ ಬ್ರೌಸರ್ ಬರೆದರಂತಲ್ಲ, ಆಗ ಇದ್ದದ್ದು ಇದೊಂದೇ. ಅಂದಚಂದದ ಮಾತು ಇರಲಿಲ್ಲ. ನಾಲ್ಕು ವರ್ಷದ ನಂತರ, 1994ರಲ್ಲಿ, ಹೋಕನ್ ವಿಯುಮ್ ಲೀ ಸಿಎಸ್‌ಎಸ್ ಅನ್ನುವ ಯೋಚನೆ ಮುಂದಿಟ್ಟರು. ಅದು ನಾವು ಹಸ್ತಪ್ರತಿಯ ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆಯುತ್ತಿದ್ದ ಸೂಚನೆ ಇದ್ದ ಹಾಗೆ. ತಲೆಬರಹ ದಪ್ಪ, 24 ಪಾಯಿಂಟು, ನಡುವಿಗೆ, ಕುಂಕುಮದ ಬಣ್ಣ. ಮೂರನೆಯದು ಜಾವಾಸ್ಕ್ರಿಪ್ಟ್. ಇದಕ್ಕೆ ನಮ್ಮ ಪ್ರೆಸ್ಸಿನಲ್ಲಿ ಸಮ ಯಾವುದೂ ಇಲ್ಲ. ಅಚ್ಚಾದ ಮೇಲೂ ಪುಟದೊಳಗೆ ಓಡಾಡಿ ಅಕ್ಷರ ಬದಲಿಸುವ ಹುಡುಗ ಅಂದುಕೊಳ್ಳಿ. ಬ್ರೆಂಡನ್ ಐಕ್ 1995ರಲ್ಲಿ ಆಗಿನ ಬ್ರೌಸರ್ ಕಂಪನಿ ನೆಟ್‌ಸ್ಕೇಪ್‌ನಲ್ಲಿ ಹತ್ತೇ ದಿನದಲ್ಲಿ ಅದರ ಮೊದಲ ರೂಪ ಕಟ್ಟಿದರು. ನಮ್ಮಲ್ಲಿ ಚಿನ್ನದ ಫಾಯಿಲ್ ಹಾಕಿದ ಪೆಟ್ಟಿಗೆ ಪತ್ರಿಕೆಗೇ ಹನ್ನೆರಡು ದಿನ ಬೇಕು.

ಬ್ರೌಸರ್ ಮೊದಲು ಎಚ್‌ಟಿಎಂಎಲ್ ಓದುತ್ತಾ ಒಂದು ಮರ ಕಟ್ಟುತ್ತದೆ. ಪುಟ ಬೊಡ್ಡೆ, ಅದರ ಕೊಂಬೆ ಒಂದೊಂದು ಭಾಗ, ಅದರ ಎಲೆ ಅಕ್ಷರ. ಡಾಮ್ ಅಂತಾರೆ ಅದಕ್ಕೆ. ಸಿಎಸ್‌ಎಸ್ ಓದಿ ಯಾವ ಕೊಂಬೆಗೆ ಯಾವ ಬಣ್ಣ ಅಂತ ತೀರ್ಮಾನಿಸುತ್ತದೆ. ಆಮೇಲೆ ಪ್ರತಿಯೊಂದೂ ಎಷ್ಟು ಅಗಲ, ಎಷ್ಟು ಎತ್ತರ, ಎಲ್ಲಿ ಕೂರಬೇಕು ಅಂತ ಲೆಕ್ಕ ಹಾಕುತ್ತದೆ. ಕೊನೆಗೆ ಬಣ್ಣ ಬಳಿಯುತ್ತದೆ. ಎಫ್ 12ರ ಮೊದಲ ಟ್ಯಾಬಿನಲ್ಲಿ ಈ ಮರ ಪೂರ್ತಿ ಕಾಣುತ್ತದೆ. ಬಾಣ ಆಡಿಸಿದ ಹಾಗೆಲ್ಲ ಪುಟದ ಆ ಭಾಗಕ್ಕೆ ಬಣ್ಣ ಬರುತ್ತದೆ. ಕ್ರೋಮ್‌ನಲ್ಲಿ ಅಕ್ಷರ ಇರುವ ಜಾಗ ನೀಲಿ, ಒಳಗಿನ ಖಾಲಿ ಜಾಗ ಹಸಿರು, ಹೊರಗಿನ ಅಂಚು ಕಿತ್ತಳೆ. ಮೊಳೆಗಳ ನಡುವೆ ಸೀಸದ ಪಟ್ಟಿ ತುಂಬಿ ಜಾಗ ಬಿಡುತ್ತಿದ್ದವಳಿಗೆ ಅದನ್ನು ನೋಡಿ ಎಂಥ ಖುಷಿ ಆಯ್ತು ಗೊತ್ತಾ.

ಇನ್ನೊಂದು ಇಷ್ಟವಾಗಿದ್ದು ಹೊಡೆದು ಹಾಕಿದ ಸಾಲು. ಒಂದೇ ತಲೆಬರಹಕ್ಕೆ ಒಂದು ಕಡೆ ಕೆಂಪು, ಇನ್ನೊಂದು ಕಡೆ ಹಸಿರು ಅಂತ ಬರೆದಿದ್ದರೆ, ಗೆದ್ದದ್ದು ಹಾಗೇ ಇರುತ್ತದೆ, ಸೋತದ್ದರ ಮೇಲೆ ಗೆರೆ ಎಳೆದಿರುತ್ತದೆ. ಥೇಟ್ ಪ್ರೂಫ್ ತಿದ್ದಿದ ಹಾಗೆ. ನಮ್ಮ ಪುಟದಲ್ಲಿ ಒಂದೇ ತಲೆಬರಹಕ್ಕೆ ಐದು ಬಣ್ಣ ಬರೆದು ನಾಲ್ಕು ಸೋತಿದ್ದವು. ಯಾರದ್ದೋ ಹಳೇ ಪುಟದಿಂದ ಎತ್ತಿದ್ದು ಅಂತ ಅಲ್ಲೇ ಗೊತ್ತಾಯಿತು.

ಸರಿ, ಕನ್ನಡದ ಕಥೆಗೆ ಬರುತ್ತೇನೆ. ಪುಟದಲ್ಲಿದ್ದ ಬರಹವನ್ನೆಲ್ಲ ಯೂನಿಕೋಡಿಗೆ, ಅಂದರೆ ಕನ್ನಡಕ್ಕೆ ಅಂತಲೇ ಬೇರೆ ಜಾಗ ಇರುವ ಪದ್ಧತಿಗೆ, ಬದಲಿಸಿದೆ. ಅದಕ್ಕೆ ಪರಿವರ್ತಕಗಳಿವೆ, ಕಷ್ಟವಿಲ್ಲ. ಫೈಲು ಮತ್ತೆ ಏರಿಸಿ ತೆರೆದರೆ ಹೊಸ ಬಗೆಯ ಕಸ! ಈ ಸಲ ಪೌಂಡ್ ಇಲ್ಲ. ಗೀರಿನ ಎ, ಅದರ ಪಕ್ಕ ಮೇಲೆ ಕೂತ ಪುಟಾಣಿ 2 ಅಥವಾ 3, ಆಮೇಲೆ ಇನ್ನೇನೋ. ಅದೇ ಮೂರರ ಗುಂಪು ಕೊನೆ ತನಕ. ಅರ್ಧ ದಿನ ತಲೆ ಕೆಡಿಸಿಕೊಂಡೆ. ಯುಟಿಎಫ್-8 ಅನ್ನುವ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ (ಕಂಪ್ಯೂಟರ್ ಮೆಮೊರಿಯ ಪುಟ್ಟ ಅಳತೆ) ಬೇಕು. ಇದು ಯುಟಿಎಫ್-8 ಅಂತ ಪುಟದಲ್ಲಿ ಹೇಳದೇ ಇದ್ದರೆ, ಬ್ರೌಸರ್ ಹಳೇ ಇಂಗ್ಲಿಷ್ ಪದ್ಧತಿ ಅಂದುಕೊಂಡು ಒಂದು ಬೈಟಿಗೆ ಒಂದು ಅಕ್ಷರದಂತೆ ಓದಿಬಿಡುತ್ತದೆ. ಒಂದು ಮೂರಾಗುತ್ತದೆ. ಮೆಟಾ ಚಾರ್‌ಸೆಟ್ ಅನ್ನುವ ಒಂದೇ ಸಾಲು ಪುಟದ ತಲೆಯಲ್ಲಿ ಬರೆದರೆ ಆಯಿತು. ಅದೂ ಮೊದಲ 1024 ಬೈಟಿನ ಒಳಗೇ ಇರಬೇಕು ಅಂತ ನಿಯಮ. ಬರೆದೆ. ಕನ್ನಡ ಬಂತು. ಅಂಗಡಿಯ ಹುಡುಗಿಗೆ ತೋರಿಸಿದರೆ, "ಮೊದಲೂ ಹೀಗೇ ಇತ್ತಲ್ಲ ಅಕ್ಕಾ" ಅಂದಳು. ಅವಳಿಗೆ ಏನು ಹೇಳಲಿ.

ನನಗೆ ನಿಜವಾಗಿ ಬೆರಗಾಗಿದ್ದು ಇಲ್ಲಿ. ಮೊಳೆಯ ಕಾಲದಲ್ಲಿ ಅಕ್ಷರ ಅಂದರೆ ಆಕಾರ. ಪೆಟ್ಟಿಗೆಯ ಒಂದು ಮನೆಯಲ್ಲಿ ಕ, ಇನ್ನೊಂದರಲ್ಲಿ ಒತ್ತು. ಹಳೆಯ ನುಡಿಯಲ್ಲೂ ಅದೇ, ಆಕಾರದ ಚೂರುಗಳು. ಯೂನಿಕೋಡಿನಲ್ಲಿ ಇಡುವುದು ಉಚ್ಚಾರದ ಕ್ರಮ. "ಲಕ್ಷ್ಮೀ" ಅನ್ನಿ. ಕಣ್ಣಿಗೆ ಎರಡಕ್ಷರ. ಒಳಗೆ ಲ, ಕ, ಅರ್ಧಾಕ್ಷರದ ಗುರುತು, ಷ, ಮತ್ತೆ ಆ ಗುರುತು, ಮ, ಈಕಾರದ ಗುರುತು. ಒಟ್ಟು ಏಳು. ಬೈಟ್ ಲೆಕ್ಕದಲ್ಲಿ 21. ಈ ಏಳನ್ನು ಕೂಡಿಸಿ, ಷ ಒತ್ತನ್ನು ಕ ಜೊತೆ ಬೆಸೆದು, ಮ ಒತ್ತನ್ನು ಕೆಳಗೆ ಇಳಿಸಿ, ಗುಡಿಸು ದೀರ್ಘ ಎಳೆದು ಕೊಡುವ ಕೆಲಸ ಓದುವವರ ಬ್ರೌಸರಿನಲ್ಲಿ, ಆ ಗಳಿಗೆಯಲ್ಲಿ ನಡೆಯುತ್ತದೆ. ಫೈರ್‌ಫಾಕ್ಸ್ ಮತ್ತು ಕ್ರೋಮ್ ಎರಡರಲ್ಲೂ ಇದಕ್ಕೆ ಹಾರ್ಫ್‌ಬಜ್ ಅನ್ನುವ ತಂತ್ರಾಂಶವಿದೆ. ಯಾವ ಒತ್ತು ಎಲ್ಲಿ ಕೂರಬೇಕು ಅನ್ನುವ ಪಟ್ಟಿ ಫಾಂಟಿನ ಒಳಗಿರುತ್ತದೆ. ಅದನ್ನು ನೋಡಿ ಜೋಡಿಸುವುದು ಹಾರ್ಫ್‌ಬಜ್. ಅಪ್ಪನ ಹತ್ತಿರ ಇದ್ದ ಕಾಂಪೋಸಿಟರ್ ಕೆಲಸ ಈಗ ಪ್ರತಿ ಫೋನಿನ ಒಳಗೆ ಕೂತಿದೆ. ಅವರು ಮಧ್ಯೆ ಬೀಡಿಗೆ ಅಂತ ಎದ್ದು ಹೋಗುತ್ತಿದ್ದರು, ಇದು ಹೋಗಲ್ಲ.

ಯಾವ ಫಾಂಟ್ ಬಳಕೆಯಾಗಿದೆ ಅಂತ ನೋಡಲು ಫೈರ್‌ಫಾಕ್ಸಿನಲ್ಲಿ ಫಾಂಟ್ಸ್ ಅಂತ ಬೇರೆ ಟ್ಯಾಬೇ ಇದೆ. ಡಿಟಿಪಿಯವರು ಇದೊಂದಕ್ಕೇ ಫೈರ್‌ಫಾಕ್ಸ್ ಹಾಕಿಕೊಳ್ಳಬಹುದು. ಕ್ರೋಮ್‌ನಲ್ಲೂ ಮಾಹಿತಿ ಸಿಗುತ್ತದೆ, ಆದರೆ ಕಂಪ್ಯೂಟೆಡ್ ಅನ್ನುವ ಟ್ಯಾಬಿನ ತಳದಲ್ಲಿ ಅಡಗಿದೆ. ನಾನೀಗ ನೋಟೋ ಸಾನ್ಸ್ ಕನ್ನಡ ಫಾಂಟನ್ನು ಪುಟದ ಜೊತೆಗೇ ಕಳಿಸುತ್ತೇನೆ. ಯಾರ ಫೋನಿನಲ್ಲಿ ಏನಿದೆ ಅನ್ನುವ ಚಿಂತೆ ಇಲ್ಲ. ದುಡ್ಡಿಲ್ಲದೆ ಸಿಗುವ ಕನ್ನಡ ಫಾಂಟುಗಳಲ್ಲಿ ಗುಬ್ಬಿ ಅಂತಲೂ ಒಂದಿದೆ. ನಮ್ಮ ಗುಬ್ಬಿ ತಾಲ್ಲೂಕೇ ಅಂತ ಹಿಗ್ಗಿದ್ದೆ. ಅದರ ಜೊತೆಯದು ನವಿಲು ಅಂತ ನೋಡಿದ ಮೇಲೆ ಹಕ್ಕಿ ಅಂತ ತಿಳಿಯಿತು.

ಆಮೇಲೆ ಕಾಲು ಕತ್ತರಿಸಿದ ಪ್ರಸಂಗ. ಮಾದರಿ ಪತ್ರಿಕೆಯ ಪುಟದಲ್ಲಿ ವಧುವಿನ ಹೆಸರು ಹಾಕಿ ನೋಡುವ ಒಂದು ಡಬ್ಬಿ ಇದೆ. ಕ್ಯಾತ್ಸಂದ್ರದಿಂದ ಬಂದ ಅಜ್ಜಿಯೊಬ್ಬರು ಮೊಮ್ಮಗಳ ಹೆಸರು ಹಾಕಿಸಿ ನೋಡಿದರು. ಹೆಸರಿನ ಕೊನೆಗೆ ಲಕ್ಷ್ಮೀ. ಕೆಳಗಿನ ಮ ಒತ್ತು ಅರ್ಧಕ್ಕೆ ಕಟ್. "ಮದುವೆ ಹೆಣ್ಣಿನ ಹೆಸರಿನ ಕಾಲು ಕತ್ತರಿಸ್ತೀರೇನಮ್ಮ" ಅಂದು ಎದ್ದೇಬಿಟ್ಟರು. ಎಫ್ 12 ಒತ್ತಿ ನೋಡಿದೆ. ಆ ಡಬ್ಬಿಯ ಎತ್ತರ 30 ಪಿಕ್ಸೆಲ್ (ಪರದೆಯ ಚುಕ್ಕಿ) ಅಂತ ಬಿಗಿದಿದ್ದರು. ಹೊರಗೆ ಬಂದದ್ದನ್ನು ಮುಚ್ಚು ಅಂತಲೂ ಬರೆದಿದ್ದರು. ಇಂಗ್ಲಿಷ್ ಹೆಸರಿಗೆ ಅದು ಸಾಕು. ನಮ್ಮ ಅಕ್ಷರ ಕೆಳಕ್ಕೆ ಬೆಳೆಯುತ್ತದೆ. ಎತ್ತರದ ಸಾಲು ತೆಗೆದು, ಸಾಲಿನ ಅಂತರ 1.6 ಕೊಟ್ಟೆ. ಒತ್ತು ಪೂರ್ತಿ ಕಂಡಿತು. ಎಫ್ 12ರ ಗಮ್ಮತ್ತು ಇರುವುದೇ ಇಲ್ಲಿ. ಸಂಖ್ಯೆ ಬದಲಿಸಿದ ಕ್ಷಣವೇ ಪುಟ ಬದಲಾಗುತ್ತದೆ. 1.4 ಸಾಲದು, 1.8 ಜಾಸ್ತಿ, 1.6 ಸರಿ. ಕಾಗದ ಹಾಳಾಗಲ್ಲ, ಮಸಿ ಹಾಳಾಗಲ್ಲ. ಅಜ್ಜಿಯನ್ನು ವಾಪಸ್ ಕೂರಿಸಿ ಕಾಫಿ ತರಿಸಿದೆ. 500 ಪತ್ರಿಕೆ ಆರ್ಡರ್ ಆಯಿತು.

ಹೊಸಬರು ಇಲ್ಲಿ ಒಂದು ಹಳ್ಳಕ್ಕೆ ಬೀಳುತ್ತೀರಿ. ನಾನೂ ಬಿದ್ದೆ. ಎಫ್ 12ರಲ್ಲಿ ಬದಲಿಸಿದ್ದು ನಿಮ್ಮ ಪರದೆಯಲ್ಲಿ ಮಾತ್ರ. ಪುಟ ರಿಫ್ರೆಶ್ ಮಾಡಿದರೆ ಎಲ್ಲ ಮಾಯ. ಮೊದಲ ದಿನ ರಾತ್ರಿ ಹತ್ತೂವರೆ ತನಕ ಕೂತು ಇಪ್ಪತ್ತು ಕಡೆ ತಿದ್ದಿದ್ದೆ. ಬೆಳಿಗ್ಗೆ ತೆರೆದರೆ ಎಲ್ಲ ಹಳೇದೇ. ಸರ್ವರಿನಲ್ಲಿರುವ ಮೂಲ ಫೈಲಿಗೆ ಹೋಗಿ ಅದನ್ನೇ ಮತ್ತೆ ಬರೆಯಬೇಕು. ಈಗ ತಿದ್ದಿದ ಕೂಡಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ.

ಇದೇ ಗುಣದಿಂದ ಒಂದು ಉಪಕಾರವೂ ಆಯಿತು. ಒಬ್ಬ ಗಿರಾಕಿ ಸ್ಕ್ರೀನ್‌ಶಾಟ್ ತೋರಿಸಿ, "ನಿಮ್ಮ ಸೈಟಿನಲ್ಲೇ ಒಂದು ಪತ್ರಿಕೆಗೆ 6 ರೂಪಾಯಿ ಇದೆ, ನೀವು 16 ಕೇಳ್ತೀರಿ" ಅಂತ ದಬಾಯಿಸಿದ. ನಾನೇನೂ ಜಗಳ ಆಡಲಿಲ್ಲ. ಅವನ ಎದುರಿಗೇ ಎಫ್ 12 ಒತ್ತಿ 16 ಇದ್ದದ್ದನ್ನು 1600 ಮಾಡಿ ತೋರಿಸಿದೆ. "ಇದನ್ನ ಕೊಡ್ತೀರಾ?" ಅಂದೆ. ನಕ್ಕುಬಿಟ್ಟ. ಯಾರ ವೆಬ್ ಪುಟದ ಸ್ಕ್ರೀನ್‌ಶಾಟ್ ಆದರೂ ಹೀಗೆ ಹತ್ತು ಸೆಕೆಂಡಿನಲ್ಲಿ ತಿರುಚಬಹುದು. ಬ್ಯಾಂಕ್ ಬ್ಯಾಲೆನ್ಸ್ ಚಿತ್ರ ಕಳಿಸಿ "ದುಡ್ಡು ಹಾಕಿದೀನಿ" ಅನ್ನುವವರ ಮಾತು ಕೇಳುವಾಗ ನೆನಪಿಡಿ.

ನೆಟ್‌ವರ್ಕ್ ಟ್ಯಾಬ್ ಬಗ್ಗೆ ಹೇಳದಿದ್ದರೆ ಈ ರಿವ್ಯೂ ಅರ್ಧ. ಪುಟ ತೆರೆಯಲು ಏನೇನು ತರಿಸಿಕೊಂಡಿತು, ಒಂದೊಂದಕ್ಕೆ ಎಷ್ಟು ತೂಕ, ಎಷ್ಟು ಹೊತ್ತು, ಎಲ್ಲ ಸಾಲಾಗಿ ಕಾಣುತ್ತದೆ. ಲಾರಿ ಆಫೀಸಿನ ಬುಕ್ಕಿನ ಹಾಗೆ. ನಮ್ಮ ಮುಖಪುಟ 38 ಎಂಬಿ ಇತ್ತು! ಮಾದರಿ ಪತ್ರಿಕೆಗಳ ಒಂಬತ್ತು ಫೋಟೋ, ಫೋನಿನಲ್ಲಿ ತೆಗೆದದ್ದನ್ನು ಹಾಗೇ ಏರಿಸಿದ್ದರು. ಒಂದೊಂದೂ 4000 ಪಿಕ್ಸೆಲ್ ಅಗಲ, 3000 ಎತ್ತರ. ಪುಟದಲ್ಲಿ ಕಾಣುವುದು 300 ಪಿಕ್ಸೆಲ್ ಅಗಲದ ಪುಟ್ಟ ಚಿತ್ರ. ಫೈಲು ನಾಲ್ಕು ಎಂಬಿ ಇದ್ದರೂ ಬಿಚ್ಚಿ ಪರದೆಗೆ ಹಾಕುವಾಗ ಒಂದು ಪಿಕ್ಸೆಲ್‌ಗೆ ನಾಲ್ಕು ಬೈಟ್. ಅಂದರೆ ಒಂದು ಚಿತ್ರಕ್ಕೆ ಫೋನಿನ 48 ಎಂಬಿ ಮೆಮೊರಿ. ವಿಸಿಟಿಂಗ್ ಕಾರ್ಡಿಗೆ ಲಾರಿ ಲೋಡ್ ಕಾಗದ ತರಿಸಿದ ಹಾಗೆ.

ಇದೇ ಟ್ಯಾಬಿನಲ್ಲಿ ನೆಟ್ ನಿಧಾನ ಮಾಡಿ ನೋಡುವ ಸೌಲಭ್ಯವಿದೆ. ಫೈರ್‌ಫಾಕ್ಸಿನಲ್ಲಿ ಸಾಮಾನ್ಯ 3ಜಿ ಅಂತ ಆರಿಸಿ ಮುಖಪುಟ ತೆರೆದೆ. ಏಳು ನಿಮಿಷದ ಹತ್ತಿರ ಹೋಯಿತು. ಮಧ್ಯೆ ಎದ್ದು ಹೋಗಿ ಕಾಫಿ ಕುಡಿದು ಬಂದರೂ ಕೊನೆಯ ಚಿತ್ರ ಅರ್ಧ ಬಂದಿತ್ತು. ದೇವರಾಯನದುರ್ಗದ ತಪ್ಪಲಿನ ಹಳ್ಳಿಗಳಿಂದಲೂ ನಮಗೆ ಗಿರಾಕಿಗಳಿದ್ದಾರೆ, ಅಲ್ಲಿ ಸಿಗ್ನಲ್ ಬಂದರೆ ಬಂತು. ಅವರು ಇಷ್ಟು ದಿನ ನನ್ನ ಬಗ್ಗೆ ಏನಂದುಕೊಂಡಿರಬೇಡ? ಚಿತ್ರಗಳನ್ನೆಲ್ಲ 600 ಪಿಕ್ಸೆಲ್‌ಗೆ ಇಳಿಸಿದೆ. ಈಗ ಇಡೀ ಪುಟ ಒಂದು ಎಂಬಿ ಒಳಗಿದೆ.

ಇನ್ನು ಹೂ ಉದುರುವ ಕಥೆ. ಮದುವೆ ಅಂಗಡಿ ಅಂತ ಪುಟದ ತುಂಬ ಗುಲಾಬಿ ಎಸಳು ಉದುರುವ ಹಾಗೆ ಜಾವಾಸ್ಕ್ರಿಪ್ಟ್ ಹಾಕಿದ್ದರು. ಅಂಗಡಿಯ ಕಂಪ್ಯೂಟರಿನಲ್ಲಿ ಚಂದವೇ ಇತ್ತು. ಫೋನಿನಲ್ಲಿ ಪುಟ ಎಳೆದರೆ ತಡವರಿಸುತ್ತಿತ್ತು, ಕೈ ಬಿಸಿಯಾಗುತ್ತಿತ್ತು. ಪರ್ಫಾರ್ಮೆನ್ಸ್ ಅನ್ನುವ ಟ್ಯಾಬಿನಲ್ಲಿ ಐದು ಸೆಕೆಂಡ್ ರೆಕಾರ್ಡ್ ಮಾಡಿ ನೋಡಿದೆ. ಸಾಮಾನ್ಯ ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ. ಅಂದರೆ ಒಂದು ಸಲದ ಕೆಲಸಕ್ಕೆ ಬ್ರೌಸರಿಗೆ ಸಿಗುವುದು ಸುಮಾರು 16 ಮಿಲಿಸೆಕೆಂಡ್. ಜಾವಾಸ್ಕ್ರಿಪ್ಟ್ ನಡೆಸುವುದು, ಯಾವುದು ಎಲ್ಲಿ ಕೂರಬೇಕು ಅಂತ ಲೆಕ್ಕ ಹಾಕುವುದು, ನೀವು ಬೆರಳಿಟ್ಟರೆ ಓಗೊಡುವುದು, ಇಷ್ಟೂ ಹೆಚ್ಚುಕಡಿಮೆ ಒಬ್ಬನೇ ಕೆಲಸಗಾರನ ಮೇಲೆ. ಈ ಎಸಳಿನ ಹುಡುಗ ಪ್ರತಿ ಸಲವೂ ಎಂಬತ್ತು ಎಸಳಿನ ಜಾಗ ಬದಲಿಸಿ, ಇಡೀ ಪುಟದ ಲೆಕ್ಕ ಮತ್ತೆ ಹಾಕಿಸುತ್ತಿದ್ದ. ಹಾಗಾಗದಂತೆ ಬರೆಯುವ ದಾರಿ ಇದೆ, ಟ್ರಾನ್ಸ್‌ಫಾರ್ಮ್ ಅನ್ನುವ ಸಿಎಸ್‌ಎಸ್ ಬಳಸಿದರೆ ಲೆಕ್ಕ ಮತ್ತೆ ಹಾಕಬೇಕಿಲ್ಲ. ನಾನು ಅಷ್ಟೆಲ್ಲ ಮಾಡಲಿಲ್ಲ. ಎಸಳುಗಳನ್ನೇ ಅಳಿಸಿದೆ. ಇವತ್ತಿನ ತನಕ ಒಬ್ಬ ಗಿರಾಕಿಯೂ ಹೂ ಎಲ್ಲಿ ಅಂತ ಕೇಳಿಲ್ಲ.

ಅದೇ ಸ್ಕ್ರಿಪ್ಟಿನಿಂದ ಇನ್ನೊಂದು ಕಾಟ ಇತ್ತು. ಪುಟ ತೆರೆದಾಗ ಮೊದಲ ಕೆಲವು ಸೆಕೆಂಡ್ ಬರೀ ಬಿಳಿ. ಬ್ರೌಸರ್ ಎಚ್‌ಟಿಎಂಎಲ್ ಓದುತ್ತಾ ಹೋಗುವಾಗ ದಾರಿಯಲ್ಲಿ ಸ್ಕ್ರಿಪ್ಟ್ ಸಿಕ್ಕಿದರೆ ಅಲ್ಲೇ ನಿಲ್ಲುತ್ತದೆ. ಅದನ್ನು ತರಿಸಿ, ನಡೆಸಿ, ಆಮೇಲೆ ಮುಂದಿನ ಸಾಲು. ಉಳಿದ ಸ್ಕ್ರಿಪ್ಟುಗಳಿಗೆ ಡಿಫರ್ ಅನ್ನುವ ಒಂದು ಪದ ಸೇರಿಸಿದೆ. ಓದುವುದು ಮುಗಿಯಲಿ, ಆಮೇಲೆ ನೀನು ಬಾ ಅಂತ ಅರ್ಥ. ಬಿಳಿ ಪರದೆ ಹೋಯಿತು.

ಕ್ರೋಮ್ ಒಳ್ಳೆಯದೋ ಫೈರ್‌ಫಾಕ್ಸೋ ಅಂತ ಕೇಳುತ್ತೀರಿ. ಎರಡನ್ನೂ ಇಟ್ಟುಕೊಳ್ಳಿ. ಇದು ಜಾಣತನದ ಮಾತಲ್ಲ, ಅಗತ್ಯ. ಕ್ರೋಮ್, ಎಡ್ಜ್, ಒಪೆರಾ ಮೂರರ ಒಳಗೂ ಬ್ಲಿಂಕ್ ಅನ್ನುವ ಒಂದೇ ಯಂತ್ರ. ಫೈರ್‌ಫಾಕ್ಸಿನದು ಗೆಕ್ಕೋ. ಆಪಲ್ ಸಫಾರಿಯದು ವೆಬ್‌ಕಿಟ್. ಪ್ರೆಸ್ ಬೇರೆಯಾದರೆ ಅಚ್ಚು ಸ್ವಲ್ಪ ಬೇರೆ. ಫಾಂಟ್ ನೋಡಲು ನನಗೆ ಫೈರ್‌ಫಾಕ್ಸ್ ಇಷ್ಟ. ಫೋನಿನ ಅಳತೆಯಲ್ಲಿ ಪುಟ ನೋಡಲು ಕ್ರೋಮ್ ಕೈಗೆ ಒಗ್ಗಿದೆ. 2006ರಲ್ಲಿ ಫೈರ್‌ಬಗ್ ಅಂತ ಫೈರ್‌ಫಾಕ್ಸಿಗೆ ಬೇರೆಯಾಗಿ ಸೇರಿಸಿಕೊಳ್ಳುವ ಉಪಕರಣ ಬಂದಿತ್ತಂತೆ. ಈಗ ಎಲ್ಲ ಬ್ರೌಸರಿನ ಹೊಟ್ಟೆಯಲ್ಲೇ ಅಂಥದ್ದು ಬರುತ್ತದೆ. ಐಫೋನಿನ ತಾಪತ್ರಯ ಬೇರೆ. ಅದರ ಸಫಾರಿ ಒಳಗೆ ಇಣುಕಲು ಆಪಲ್ಲಿನ ಮ್ಯಾಕ್ ಕಂಪ್ಯೂಟರ್ ಬೇಕು. ಅದು ನಮ್ಮ ಬಜೆಟ್ಟಿನಲ್ಲಿಲ್ಲ. ಅಲ್ಲೇನಾದರೂ ಕೆಟ್ಟು ಕಂಡರೆ ಗಿರಾಕಿಗಳು ಫೋಟೋ ಕಳಿಸುತ್ತಾರೆ, ನಾನು ಊಹೆ ಮಾಡಿ ತಿದ್ದುತ್ತೇನೆ.

ಕೊರತೆ ಇಲ್ಲದೆ ಇಲ್ಲ. ಅಕ್ಷರ ತೀರಾ ಸಣ್ಣ. ನಲವತ್ತು ದಾಟಿದ ಕಣ್ಣಿಗೆ ಕಷ್ಟ. ಆ ಕಿಟಕಿಯೊಳಗೆ ಒಮ್ಮೆ ಒತ್ತಿ, ಕಂಟ್ರೋಲ್ ಜೊತೆ ಪ್ಲಸ್ ಒತ್ತಿದರೆ ದೊಡ್ಡದಾಗುತ್ತದೆ. ಅದು ಗೊತ್ತಾಗಲು ನನಗೆ ಎರಡು ವಾರ. ಟ್ಯಾಬುಗಳು ಸಿಕ್ಕಾಪಟ್ಟೆ. ನಾಲ್ಕೈದನ್ನು ಬಿಟ್ಟು ಉಳಿದವನ್ನು ನಾನು ಮುಟ್ಟಿಲ್ಲ. ಇನ್ನೊಂದು, ಬ್ರೌಸರ್ ತಪ್ಪನ್ನು ಬಾಯಿಬಿಟ್ಟು ಹೇಳಲ್ಲ. ಎಚ್‌ಟಿಎಂಎಲ್‌ನಲ್ಲಿ ಮುಚ್ಚಬೇಕಾದ ಟ್ಯಾಗ್ (ಇದು ತಲೆಬರಹ, ಇದು ಪ್ಯಾರಾ ಅನ್ನುವ ಗುರುತು) ಮರೆತರೆ ತಾನೇ ಸರಿಮಾಡಿಕೊಂಡು ಮುಂದೆ ಹೋಗುತ್ತದೆ. ಕೋಷ್ಟಕ ಬರೆದರೆ ನಾನು ಬರೆಯದ ಟಿಬಾಡಿ ಅನ್ನುವ ಟ್ಯಾಗನ್ನು ತಾನೇ ಸೇರಿಸುತ್ತದೆ. ಎಫ್ 12ರಲ್ಲಿ ಕಾಣುವುದು ಈ ಸರಿಮಾಡಿದ ಮರ. ಮೂಲದಲ್ಲಿ ಏನಿದೆ ಅಂತ ನೋಡಲು ಕಂಟ್ರೋಲ್ ಜೊತೆ ಯು ಒತ್ತಬೇಕು. ಇದು ತಿಳಿಯದೆ, ಇಲ್ಲದ ಸಾಲನ್ನು ಫೈಲಿನಲ್ಲಿ ಒಂದು ಮಧ್ಯಾಹ್ನ ಪೂರ್ತಿ ಹುಡುಕಿದ್ದೇನೆ. ಕಲಿಯಲು ಎಂಡಿಎನ್ ಅನ್ನುವ ತಾಣ ಚೆನ್ನಾಗಿದೆ, ಆದರೆ ಇಂಗ್ಲಿಷ್ ಬರಬೇಕು.

ಕನ್ಸೋಲ್ ಅನ್ನುವ ಟ್ಯಾಬಿನ ಬಗ್ಗೆ ಒಂದು ಎಚ್ಚರಿಕೆ. ಯಾರಾದರೂ ಫೋನಿನಲ್ಲೋ ವಾಟ್ಸಾಪಿನಲ್ಲೋ "ಈ ಕೋಡನ್ನ ಅಲ್ಲಿ ಪೇಸ್ಟ್ ಮಾಡಿ, ಬಹುಮಾನ ಬರುತ್ತೆ" ಅಂದರೆ ಮಾಡಲೇಬೇಡಿ. ಅಲ್ಲಿ ಹಾಕಿದ ಕೋಡ್ ನೀವು ಲಾಗಿನ್ ಆಗಿರುವ ಖಾತೆಯಲ್ಲಿ ನಿಮ್ಮ ಹೆಸರಿನಲ್ಲೇ ಕೆಲಸ ಮಾಡುತ್ತದೆ. ಬ್ರೌಸರ್ ಕೂಡ ಪೇಸ್ಟ್ ಮಾಡುವ ಮುಂಚೆ ತಡೆದು ಕೇಳುತ್ತದೆ. ಆ ತಡೆಗೆ ಬೆಲೆ ಕೊಡಿ.

ಐದರಲ್ಲಿ ನಾಲ್ಕೂವರೆ ನಕ್ಷತ್ರ. ಅರ್ಧ ಕಡಿಮೆ ಮಾಡಿದ್ದು ಆ ಸಣ್ಣ ಅಕ್ಷರಕ್ಕೆ. ವೆಬ್‌ಸೈಟ್ ಮಾಡಿಸುವವರು ದುಡ್ಡು ಕೊಡುವ ಮುಂಚೆ ಬೇರೆಯವರ ಫೋನಿನಲ್ಲಿ ತೆರೆದು ನೋಡಿ. ಪರಿಚಯದವರದ್ದಲ್ಲ, ಪಕ್ಕದ ಹೂವಿನ ಅಂಗಡಿಯವರದ್ದು ಆದರೆ ಒಳ್ಳೆಯದು. ಆಮೇಲೆ ನೆಟ್‌ವರ್ಕ್ ಟ್ಯಾಬಿನಲ್ಲಿ ಒಟ್ಟು ತೂಕ ನೋಡಿ.

ಹಾಂ, ಲ್ಯಾಪ್‌ಟಾಪಿನಲ್ಲಿ ಎಫ್ 12 ಒತ್ತಿದರೆ ಕಿಟಕಿ ತೆರೆಯದೆ ಹಾಡಿನ ಸದ್ದು ಜಾಸ್ತಿಯಾದರೆ ಗಾಬರಿ ಬೇಡ. ಎಡಗಡೆ ಮೂಲೆಯ ಎಫ್‌ಎನ್ ಗುಂಡಿ ಹಿಡಿದುಕೊಂಡು ಒತ್ತಿ. ಅದಕ್ಕೂ ಬಗ್ಗದಿದ್ದರೆ ಕಂಟ್ರೋಲ್, ಶಿಫ್ಟ್, ಐ ಮೂರನ್ನೂ ಒಟ್ಟಿಗೆ.